ಸೀರೆಯನ್ನು ಎಣಿಸಿ ನೋಡುವುದು

ಪುಣೆಯ ಕೋಥ್ರೂಡ್, ಕರ್ವೆನಗರ, ಸಿಂಹಗಡ ರಸ್ತೆಯ ಕಡೆ ವಿಜಯಪುರ, ಬಾಗಲಕೋಟೆ, ಕಲಬುರ್ಗಿ ಮೂಲದ ಕನ್ನಡ ಮನೆಗಳಿವೆ. ಇಂಥ ಮನೆಯ ಕಪಾಟಿನ ಕೆಳಗಿನ ಅರೆ ತೆಗೆದರೆ ಒಂದೆರಡು ಹಳೆ ಇಳಕಲ್ ಸೀರೆ, ಉಡಿ ತುಂಬಿದಾಗ ಬಂದ ನಾಲ್ಕಾರು ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ), ಪುಣ್ಯವಿದ್ದರೆ ಕಸೂತಿ ಹಾಕಿದ ಕರಿ ಚಂದ್ರಕಾಳಿ ಸೀರೆ ಸಿಗುತ್ತದೆ. ಡಿಸೈನ್ ಓದುವ ಮಕ್ಕಳು, ಚಿತ್ರ ಬರೆಯುವವರು, ಮಣ್ಣಿನ ಕೆಲಸ ಮಾಡುವವರು, ಮನೆಯಲ್ಲೇ ಬ್ಲಾಕ್ ಪ್ರಿಂಟ್ ಮಾಡುವವರು ಈಗೀಗ ಇವನ್ನು ಹೊರಗೆ ತೆಗೆಯುತ್ತಿದ್ದಾರೆ. ತೆಗೆದ ಕೂಡಲೇ ಫೋನಿನಲ್ಲಿ ಒಂದು ಫೋಟೊ. ಆ ಫೋಟೊದಿಂದ ಒಂದು ಗೋಪುರವನ್ನೋ ಆನೆಯನ್ನೋ ಎತ್ತಿ ಕುಶನ್ ಕವರಿನ ಮೇಲೆ ಕೂರಿಸಿದರೆ ಸೀರೆಯ ಕೆಲಸ ಮುಗಿಯಿತು.

ಆನೆ ಬೇಕಾದರೆ ಎಲ್ಲಿಯಾದರೂ ಸಿಗುತ್ತದೆ. ಆ ಆನೆಯ ಬೆನ್ನು ಯಾಕೆ ಮೆಟ್ಟಿಲು ಮೆಟ್ಟಿಲಾಗಿದೆ, ಅದರ ಸೊಂಡಿಲು ಯಾಕೆ ಪಕ್ಕದ ಗೆರೆಗೆ ತಗುಲಿಯೇ ನಿಂತಿದೆ, ಅದು ಅಗಲಕ್ಕಿಂತ ಒಂಚೂರು ಎತ್ತರವಾಗಿ ಯಾಕೆ ಕಾಣುತ್ತದೆ ಅನ್ನುವುದಕ್ಕೆ ಉತ್ತರ ಮಾತ್ರ ಆ ಬಟ್ಟೆಯಲ್ಲೇ ಇದೆ. ಮಾಡಿದವರು ಯಾವ ಲೆಕ್ಕದೊಳಗೆ, ಯಾವ ಅಡಚಣೆಯೊಳಗೆ ಕೆಲಸ ಮಾಡಿದರೋ ಅದನ್ನು ಪತ್ತೆ ಹಚ್ಚಿದರೆ ಚಿತ್ರಕ್ಕೂ ಮಣ್ಣಿಗೂ ಕಾಗದಕ್ಕೂ ಒದಗುವಂಥದ್ದು ಏನಾದರೂ ಕೈಗೆ ಬರುತ್ತದೆ. ಬರೀ ಆಕೃತಿ ಎತ್ತಿಕೊಂಡರೆ ಕೈಯಲ್ಲಿ ಉಳಿಯುವುದು ಸ್ಟಿಕರ್.

ಸಾಮಾನು ಹೆಚ್ಚು ಬೇಡ. ಊಟದ ಮೇಜು, ಅದರ ಮೇಲೆ ಒಗೆದ, ಗಂಜಿ ಹಾಕದ ಬಿಳಿ ಚಾದರ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ. ಬಟ್ಟೆ ವ್ಯಾಪಾರದವರು ಬಳಸುವ ಮಡಚುವ ಪಿಕ್ ಗ್ಲಾಸ್ ಸಿಕ್ಕರೆ ಒಳ್ಳೆಯದು, ಅದರ ಬುಡದಲ್ಲಿ ಒಂದು ಇಂಚಿನ ಚೌಕ ಕಿಂಡಿ ಇರುತ್ತದೆ. ಸಿಗದಿದ್ದರೆ ದಪ್ಪ ಕಾರ್ಡಿನಲ್ಲಿ ಬ್ಲೇಡಿನಿಂದ ಒಂದು ಇಂಚಿನ ಚೌಕ ಕೊರೆದು ಬಟ್ಟೆಯ ಮೇಲಿಟ್ಟರೂ ಸಾಕು. ಹೊಲಿಗೆಯ ಟೇಪು, ಪೆನ್ಸಿಲ್, ಗ್ರಾಫ್ ಹಾಳೆ. ಪೆನ್ನು ಮೇಜಿನ ಹತ್ತಿರವೂ ಬರಬಾರದು. ಕೈ ತೊಳೆದು ಚೆನ್ನಾಗಿ ಒರೆಸಿಕೊಳ್ಳಿ, ಉಂಗುರ, ಬಳೆ, ಗಡಿಯಾರ ತೆಗೆದಿಡಿ. ಹತ್ತಿಯ ಕೈಗವಸು ಹಾಕುವುದು ಶಿಸ್ತಿನಂತೆ ಕಂಡರೂ ಸಡಿಲ ಎಳೆಗೆ ಅದೇ ಸಿಕ್ಕಿಕೊಳ್ಳುತ್ತದೆ. ಜರಿ ಇರುವ ಕಡೆ ಮಾತ್ರ ಬೆರಳು ಆಡಿಸಬೇಡಿ, ಬೆವರಿನ ಉಪ್ಪು ಲೋಹವನ್ನು ಕಪ್ಪಾಗಿಸುತ್ತದೆ. ಆಕೃತಿಯ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಪೆನ್ಸಿಲ್ ಒತ್ತುವುದೂ ಬೇಡ. ಹಳೆ ರೇಷ್ಮೆ ಅಲ್ಲೇ ಬಿರುಕು ಬಿಡುತ್ತದೆ.

ಬೆಳಕಿನ ವಿಷಯದಲ್ಲಿ ಮಾತ್ರ ಸ್ವಲ್ಪ ಹಟ ಬೇಕು. ಟ್ಯೂಬ್‌ಲೈಟ್ ಮೇಲಿಂದ ಚೆಲ್ಲಿದರೆ ಬಟ್ಟೆ ಚಪ್ಪಟೆಯಾಗಿ ಕಾಣುತ್ತದೆ. ಅದನ್ನು ಆರಿಸಿ, ಟೇಬಲ್ ಲ್ಯಾಂಪನ್ನು ಬಟ್ಟೆಯ ಮಟ್ಟಕ್ಕೆ ಇಳಿಸಿ ಪಕ್ಕದಿಂದ ಓರೆಯಾಗಿ ಬಿಡಿ. ಎದ್ದ ಎಳೆ, ಕುಳಿತ ಎಳೆ, ಹಳೆ ಮಡಿಕೆ, ಬಿಚ್ಚಿ ತೆಗೆದ ಹೊಲಿಗೆಯ ತೂತು ಎಲ್ಲವೂ ನೆರಳು ಬಿಟ್ಟು ಎದ್ದು ಬರುತ್ತವೆ. ಬಣ್ಣ ನೋಡುವಾಗ ಕಿಟಕಿಯ ಬೆಳಕು ಬೇಕು, ಆದರೆ ನೇರ ಬಿಸಿಲು ಬೇಡ. ವಸ್ತುಸಂಗ್ರಹಾಲಯಗಳಲ್ಲಿ ಬಟ್ಟೆಗೆ ಸಾಮಾನ್ಯವಾಗಿ 50 ಲಕ್ಸ್ ಮಿತಿ ಹಾಕಿಕೊಳ್ಳುತ್ತಾರೆ. ನಮ್ಮ ಬಾಲ್ಕನಿ ಬಾಗಿಲ ಬಳಿ ಅದರ ಹತ್ತಾರು ಪಟ್ಟು ಬೆಳಕಿರುತ್ತದೆ. ಬೆಳಕಿನಿಂದ ಆದ ಹಾನಿ ವಾಪಸು ಬರುವುದಿಲ್ಲ, ಕೂಡುತ್ತಲೇ ಹೋಗುತ್ತದೆ. ನೋಡಿ ಮುಗಿದ ಭಾಗವನ್ನು ಆಗಾಗ ಚಾದರದಿಂದ ಮುಚ್ಚುತ್ತಾ ಹೋಗಿ.

ಇನ್ನು ನೋಡುವ ಅನುಕ್ರಮ. ಆಕೃತಿಯನ್ನು ಕೊನೆಗೆ ಇಟ್ಟುಕೊಳ್ಳಬೇಕು. ಕಣ್ಣು ಒಮ್ಮೆ ನವಿಲನ್ನು ಹಿಡಿದರೆ ಆಮೇಲೆ ಬೇರೇನನ್ನೂ ನೋಡುವುದಿಲ್ಲ. ಅಂಚಿನಿಂದ ಶುರು ಮಾಡಿ. ಕೈಮಗ್ಗದ ಸೀರೆಯಾದರೆ ಎರಡೂ ಅಂಚಿನಲ್ಲಿ ಸಮ ಅಂತರಕ್ಕೆ ಸಣ್ಣ ತೂತುಗಳು ಕಾಣುವುದುಂಟು. ನೇಯುವಾಗ ಅಗಲ ಕುಗ್ಗದಂತೆ ಅಡ್ಡ ಕೊಡುವ ಕಡ್ಡಿಯ ಮೊಳೆ ಗುರುತು ಅದು. ತೂತು ಇಲ್ಲದ ಮಾತ್ರಕ್ಕೆ ಪವರ್‌ಲೂಮ್ ಎಂದು ತೀರ್ಮಾನ ಕೊಡಬೇಡಿ, ಒಗೆತದಲ್ಲಿ ಅವು ಮುಚ್ಚಿಕೊಳ್ಳುತ್ತವೆ. ಆಮೇಲೆ ದಡಿ. ಕೆಂಪು ದಡಿಯ ಒಳಗೆ ಒಡಲಿನ ಕಪ್ಪು ಹೊಕ್ಕು (ಅಡ್ಡ ಎಳೆ) ಹಾದು ಹೋಗಿದ್ದರೆ ಕೆಂಪು ಮಂಕಾಗಿ, ಮೆರೂನಿನತ್ತ ವಾಲಿರುತ್ತದೆ. ದಡಿಗೆ ಬೇರೆ ಲಾಳಿ, ಒಡಲಿಗೆ ಬೇರೆ ಲಾಳಿ ಹಾಕಿ ನೇಯ್ದಿದ್ದರೆ ಕೆಂಪು ಅಚ್ಚ ಕೆಂಪಾಗೇ ಇದ್ದು, ಎರಡೂ ಸೇರುವ ಗೆರೆಯಲ್ಲಿ ಒಂದರ ಹೊಕ್ಕು ಇನ್ನೊಂದಕ್ಕೆ ಕೊಕ್ಕೆ ಹಾಕಿ ಹಿಂದಿರುಗಿದ್ದು ಗಾಜಿನಲ್ಲಿ ಕಾಣುತ್ತದೆ. ಬಣ್ಣ ಕಲಸುವವರಿಗೆ ಈ ಒಂದು ಅಂಚಿನಲ್ಲೇ ಬೇಕಾದಷ್ಟು ಕೆಲಸವಿದೆ. ಎರಡು ಬಣ್ಣವನ್ನು ತಟ್ಟೆಯಲ್ಲಿ ಕಲಸುವ ಬದಲು ಒಂದರ ಮೇಲೊಂದು ಗೆರೆ ಎಳೆದು, ದೂರದಿಂದ ಮೂರನೆಯ ಬಣ್ಣ ಹುಟ್ಟುವಂತೆ ಮಾಡಬಹುದು.

ಇಳಕಲ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದ ಜಾಗ ಒಡಲು ಸೆರಗು ಕೂಡುವ ಗೆರೆ. ಸಾಂಪ್ರದಾಯಿಕ ಇಳಕಲ್‌ನ ಒಡಲಿಗೆ ಒಂದು ಹಾಸು (ಮಗ್ಗಕ್ಕೆ ಉದ್ದುದ್ದ ಕಟ್ಟುವ ಎಳೆಗಳು), ಸೆರಗಿಗೆ ಇನ್ನೊಂದು ಹಾಸು. ಒಡಲು ಬಹುಮಟ್ಟಿಗೆ ಹತ್ತಿ, ಸೆರಗು ರೇಷ್ಮೆ ಇಲ್ಲವೇ ಕೃತಕ ರೇಷ್ಮೆ. ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸಿ ಎರಡು ಹಾಸನ್ನೂ ಮಗ್ಗದ ಮೇಲೆಯೇ ಜೋಡಿಸುತ್ತಾರೆ. ಆದ್ದರಿಂದ ಪ್ರತಿ ಸೀರೆಗೂ ಹಾಸು ಬೇರೆಯಾಗಿಯೇ ತಯಾರಾಗಬೇಕು. ಥಾನುಗಟ್ಟಲೆ ನೇಯ್ದು ಕತ್ತರಿಸುವ ಮಾತೇ ಇಲ್ಲ. ಓರೆ ಬೆಳಕಿನಲ್ಲಿ ಈ ಗೆರೆ ಕೂದಲೆಳೆಯಷ್ಟು ದಪ್ಪಗೆ ಎದ್ದು ಕಾಣುತ್ತದೆ. ಉಗುರಿನ ಹಿಂಬದಿಯನ್ನು ಮೆಲ್ಲಗೆ ಸವರಿದರೆ ಸಿಗುತ್ತದೆ. ಎರಡು ಬಗೆಯ ನೂಲು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲವಾದ್ದರಿಂದ ಬಹಳ ಒಗೆತ ಕಂಡ ಸೀರೆಯಲ್ಲಿ ಗೆರೆಯುದ್ದಕ್ಕೂ ಸಣ್ಣ ಸುಕ್ಕಿರುತ್ತದೆ. ಇಸ್ತ್ರಿ ಮಾಡಿ ಆ ಸುಕ್ಕನ್ನು ಬಿಡಿಸಲು ಹೋಗಬೇಡಿ, ಓದಬೇಕಾದ್ದೇ ಅದು. ಲಕ್ಷ್ಮೀ ರಸ್ತೆಯ ಅಂಗಡಿಗಳಲ್ಲಿ 'ಇರ್ಕಲ್' ಎಂದು ಮಾರುವ ಅಗ್ಗದ ಸೀರೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಕೆಲವದರಲ್ಲಿ ಹಾಸು ಮುರಿಯದೆ ಒಡಲಿನಿಂದ ಸೆರಗಿಗೆ ಹಾಗೇ ಹರಿದಿರುತ್ತದೆ, ಬಣ್ಣ ಮಾತ್ರ ಬದಲು. ಈ ವ್ಯತ್ಯಾಸ ಒಂದು ಸಲ ಕಣ್ಣಿಗೆ ಕೂತರೆ ಆಮೇಲೆ ಬಿಟ್ಟು ಹೋಗುವುದಿಲ್ಲ.

ಪುಸ್ತಕ ಕಟ್ಟುವವರು, ಕಾಗದದ ಕೆಲಸದವರು ಈ ಜೋಡಣೆಯನ್ನು ಒಂದು ದಿನ ಕೂತು ಬಿಡಿಸಬೇಕು. ಎರಡು ವಸ್ತುಗಳನ್ನು ಅಂಟಿಲ್ಲದೆ, ಹೊಲಿಗೆಯಿಲ್ಲದೆ, ಒಂದರ ಕುಣಿಕೆ ಇನ್ನೊಂದನ್ನು ಹಿಡಿದು ನಿಲ್ಲಿಸುವುದು ಹೇಗೆ ಎಂಬುದಕ್ಕೆ ಇಷ್ಟು ಚೊಕ್ಕ ಉದಾಹರಣೆ ಬೇರೆ ಕಡೆ ಸುಲಭಕ್ಕೆ ಸಿಗದು. ದಪ್ಪ ಸೆಣಬಿನ ದಾರದಲ್ಲಿ ಇಪ್ಪತ್ತು ಕುಣಿಕೆ ಹಾಕಿ, ಪ್ರತಿಯೊಂದರೊಳಗೂ ಬೇರೆ ಬಣ್ಣದ ದಾರ ತೂರಿಸಿ ಎಳೆದು ನೋಡಿ. ಬಿಗಿ ಎಲ್ಲಿ ಸಮನಾಗುವುದಿಲ್ಲವೋ ಅಲ್ಲಿ ಗೆರೆ ಹಾವಿನಂತೆ ಬಳುಕುತ್ತದೆ.

ಈಗ ಎಣಿಕೆ. ಕಿಂಡಿಯನ್ನು ಒಡಲಿನ ಮೇಲಿಟ್ಟು ಒಂದು ಇಂಚಿನಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ಬೇರೆ ಬೇರೆ ಎಣಿಸಿ. ಸೂಜಿಯ ಮೊನೆಯಿಂದ ತೋರಿಸುತ್ತಾ ಎಣಿಸಿದರೆ ತಪ್ಪುವುದಿಲ್ಲ, ಚುಚ್ಚಬಾರದು ಅಷ್ಟೇ. ಒಂದೇ ಕಡೆ ಎಣಿಸಿ ಬಿಡಬೇಡಿ. ಮೂರು ಕಡೆ ಎಣಿಸಿ, ದಡಿಯ ಹತ್ತಿರದ ಮೂರು ಇಂಚು ಬಿಟ್ಟುಬಿಡಿ, ಅಲ್ಲಿ ಎಳೆ ದಟ್ಟವಾಗಿರುತ್ತದೆ. ಫೋನಿನ ಫೋಟೊದಲ್ಲಿ ಎಣಿಸುವ ಜಾಣತನವೂ ಬೇಡ. ಎಳೆಯ ಸಾಲು ಕ್ಯಾಮೆರಾದ ಚುಕ್ಕಿಸಾಲಿಗೆ ತಾಕಲಾಡಿ ಇಲ್ಲದ ಅಲೆಗಳನ್ನು ತೋರಿಸುತ್ತದೆ. ಫೋಟೊ ತೆಗೆಯುವುದೇ ಆದರೆ ಪಕ್ಕದಲ್ಲಿ ಅಳತೆಪಟ್ಟಿ ಇಟ್ಟೇ ತೆಗೆಯಿರಿ.

ಉದಾಹರಣೆಗೆ ಇಂಚಿಗೆ ಹಾಸು 60, ಹೊಕ್ಕು 50 ಬಂತು ಅನ್ನಿ. ನಾಲ್ಕು ನಾಲ್ಕು ಎಳೆ ಎಣಿಸಿ ಕಸೂತಿ ಹಾಕಿದರೆ ಅಡ್ಡ ಹೊಲಿಗೆಯ ಉದ್ದ ಇಂಚಿನ ಹದಿನೈದನೇ ಒಂದು ಭಾಗ, ಉದ್ದ ಹೊಲಿಗೆಯದು ಹನ್ನೆರಡೂವರೆಯಲ್ಲಿ ಒಂದು ಭಾಗ. ಹಾಳೆಯಲ್ಲಿ ಚೌಕವಾಗಿದ್ದ ತುಳಸಿಕಟ್ಟೆ ಬಟ್ಟೆಯ ಮೇಲೆ ಐದನೇ ಒಂದು ಭಾಗದಷ್ಟು ಎತ್ತರವಾಗಿ ನಿಲ್ಲುತ್ತದೆ. ಹಳೆಯ ಕಸೂತಿಯ ಗೋಪುರಗಳು ನೀಳವಾಗಿ ಕಾಣುವುದರಲ್ಲಿ ಹೊಲಿದವರ ಕಲ್ಪನೆಯಷ್ಟೇ ಈ ಲೆಕ್ಕದ ಪಾಲೂ ಇರುತ್ತದೆ. ಅದನ್ನು ಸಾಮಾನ್ಯ ಗ್ರಾಫ್ ಹಾಳೆಗೆ ಇಳಿಸಿದವರು 'ಏನೋ ಕುಳ್ಳಗಾಯಿತಲ್ಲ' ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಉಪಾಯ ಸುಲಭ. ಗ್ರಾಫ್ ಹಾಳೆಯನ್ನು ನೀವೇ ಗೀಚಿಕೊಳ್ಳಿ, ಪ್ರತಿ ಮನೆ ಅಗಲ 5 ಮಿಲಿಮೀಟರ್, ಎತ್ತರ 6 ಮಿಲಿಮೀಟರ್. ಅಥವಾ ಚೌಕವೇ ಬೇಕೆಂದಿದ್ದರೆ ಹೊಲಿಯುವಾಗ ಅಡ್ಡಕ್ಕೆ ಐದು ಎಳೆ, ಉದ್ದಕ್ಕೆ ನಾಲ್ಕು ಎಳೆ ಎಣಿಸಿ, ಹೆಚ್ಚುಕಡಿಮೆ ಸರಿಹೋಗುತ್ತದೆ.

ಕಸೂತಿ ಇದ್ದರೆ ಮೊದಲು ಒಳಮೈ ತಿರುವಿ. ಗಾವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗಾವಂತಿ, ಮುರಗಿ ಎರಡೂ ಮೈಯಲ್ಲಿ ಒಂದೇ ಥರ ಕಾಣಬೇಕು. ನೇಗಿ ಒಳಮೈಯಲ್ಲಿ ತಿರುಗುಮುರುಗಾಗುತ್ತದೆ. ಮೇಲೆ ದಾರ ತುಂಬಿದಲ್ಲಿ ಕೆಳಗೆ ಖಾಲಿ, ಮೇಲೆ ಖಾಲಿ ಇದ್ದಲ್ಲಿ ಕೆಳಗೆ ದಾರ. ಮೆಂತಿ ಅಡ್ಡಗುಣಿತದ ಹೊಲಿಗೆ, ದಾರ ಹೆಚ್ಚು ತಿನ್ನುತ್ತದೆ, ಬಟ್ಟೆಗೆ ಭಾರ. ಗಂಟು ಯಾವುದರಲ್ಲೂ ಇರಬಾರದು.

ಗಂಟಿಲ್ಲದಿದ್ದರೆ ದಾರ ಎಲ್ಲಿ ಶುರುವಾಯಿತು? ಭೂತಗನ್ನಡಿ ಹಿಡಿದು ಒಳಮೈಯ ಒಂದೊಂದೇ ಹೊಲಿಗೆ ನೋಡುತ್ತಾ ಹೋಗಿ. ಎಲ್ಲೋ ಒಂದು ಕಡೆ ಎರಡು ಮೂರು ಹೊಲಿಗೆ ಉಳಿದವಕ್ಕಿಂತ ಉಬ್ಬಿರುತ್ತವೆ. ದಾರದ ಬಾಲವನ್ನು ಅವುಗಳಡಿ ಅಡಗಿಸಿದ್ದಾರೆ. ಅಲ್ಲಿಂದ ಬೆರಳಿಟ್ಟು ಹೊರಟರೆ ಹೊಲಿದವರ ದಾರಿ ಪೂರಾ ಬಿಚ್ಚಿಕೊಳ್ಳುತ್ತದೆ. ಗಾವಂತಿಯಲ್ಲಿ ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ. ಬರುವಾಗ ಬಿಟ್ಟಿದ್ದನ್ನು ತುಂಬುತ್ತಾ ಬರಬೇಕು. ಸರಳ ಗೆರೆಗೆ ಇದು ಸಲೀಸು. ಕವಲಿರುವ ಆಕೃತಿಗೆ ಏನು ಮಾಡುವುದು? ಗಲ್ಲಿ ಗಲ್ಲಿ ಹೊಕ್ಕು ಹೊರಬರುವ ಅಂಚೆಯವರ ಹಾಗೆ ಪ್ರತಿ ಕವಲು ಬಂದಾಗಲೂ ಮುಖ್ಯ ಗೆರೆ ಬಿಟ್ಟು ಅದರ ತುದಿಯವರೆಗೆ ಹೋಗಿ, ತುಂಬಿಕೊಂಡು ವಾಪಸು ಬಂದು, ಮತ್ತೆ ಮುಖ್ಯ ಗೆರೆ ಹಿಡಿಯಬೇಕು. ಕವಲಿಗೆ ಹೋಗಿ ಬಂದ ಹೆಜ್ಜೆಗಳು ಯಾವಾಗಲೂ ಸಮಸಂಖ್ಯೆಯೇ ಆಗುವುದರಿಂದ ಮೇಲೆ ಕೆಳಗಿನ ಲೆಕ್ಕ ಕೆಡುವುದಿಲ್ಲ. ಅಂದರೆ ಒಂದಕ್ಕೊಂದು ತಗುಲಿಕೊಂಡಿರುವ ಆಕೃತಿ ಎಷ್ಟೇ ಜಟಿಲವಾಗಿರಲಿ, ದಾರ ಸಾಲುವಷ್ಟಿದ್ದರೆ ಒಂದೇ ದಾರದಲ್ಲಿ ಹೊರಟಲ್ಲಿಗೇ ಬಂದು ಮುಗಿಸಬಹುದು. ಆನೆಯ ಸೊಂಡಿಲು ಪಕ್ಕದ ಗೆರೆಗೆ ತಗುಲಿರುವ ಗುಟ್ಟು ಇಲ್ಲಿದೆ. ತಗುಲದೆ ಬಿಡಿಯಾಗಿ ನಿಂತ ಒಂದು ಚುಕ್ಕಿಗೂ ಹೊಸ ದಾರ, ಹೊಸ ಬಾಲ, ಹೊಸ ಅಡಗಿಸಾಟ.

ತಪ್ಪು ಎಲ್ಲಿ ಆಗುತ್ತದೆ ಅನ್ನುವುದೂ ಒಳಮೈಯಲ್ಲೇ ತಿಳಿಯುತ್ತದೆ. ಹೋಗುವಾಗ ಒಂದು ಕವಲು ಮರೆತರೆ ಬರುವಾಗ ಅದನ್ನು ಹಿಡಿಯಬಹುದು. ಬರುವಾಗಲೂ ಮರೆತು ಮುಂದೆ ಹೋದರೆ ಎರಡೇ ದಾರಿ, ಬಿಚ್ಚುವುದು ಇಲ್ಲವೇ ಒಳಗಿನಿಂದ ಉದ್ದ ದಾರ ಎಳೆದು ಜಿಗಿಯುವುದು. ಒಳಮೈಯಲ್ಲಿ ಓರೆಯಾಗಿ ಹಾದ ಉದ್ದ ದಾರ ಕಂಡರೆ ಅಲ್ಲೊಂದು ಮರೆವು, ಇಲ್ಲವೇ ಆಮೇಲೆ ಮಾಡಿದ ದುರಸ್ತಿ, ಇಲ್ಲವೇ ಬೇಗ ಮುಗಿಸಿ ಮಾರುವ ಅವಸರ ಇದೆ ಎಂದು ಬರೆದುಕೊಳ್ಳಿ. ಹೊಲಿಗೆಗೆ ಇಂದು ಬಳಸುವ ಆರೆಳೆಯ ಹತ್ತಿ ದಾರದಲ್ಲಿ ಒಂದು ಅಥವಾ ಎರಡು ಎಳೆ ಸಾಕು. ಮೂರು ಹಾಕಿದರೆ ವಾಪಸು ಬರುವ ಹೊಲಿಗೆಗೆ ತೂತಿನಲ್ಲಿ ಜಾಗವಿರದೆ ಗೆರೆ ದಂತುರವಾಗುತ್ತದೆ. ಸೂಜಿ ಮೊಂಡು ಮೊನೆಯದ್ದಿರಲಿ. ಚೂಪು ಸೂಜಿ ಮೊದಲು ಹಾಕಿದ ದಾರವನ್ನೇ ಸೀಳುತ್ತದೆ.

ಇಡೀ ಸೀರೆಯನ್ನು ಹರವಿ ದೂರ ನಿಂತು ನೋಡುವುದೂ ಒಂದು ಓದು. ಕಸೂತಿ ಸೀರೆಗಳಲ್ಲಿ ಸೆರಗಿನ ಹತ್ತಿರ ಆಕೃತಿಗಳು ದೊಡ್ಡವು, ಒತ್ತೊತ್ತು. ಒಡಲಿನೊಳಕ್ಕೆ ಹೋದಂತೆ ಸಣ್ಣವಾಗಿ ಚದುರುತ್ತವೆ. ಟೇಪು ಹಿಡಿದು ಎರಡು ಆಕೃತಿಗಳ ನಡುವಿನ ಅಂತರ ಗೇಣಿಗೊಮ್ಮೆ ಬರೆದುಕೊಳ್ಳಿ. ಆ ಅಂಕಿಗಳ ಸಾಲು ಒಂದು ಗೋಡೆಚಿತ್ರಕ್ಕೋ ಪುಟ ವಿನ್ಯಾಸಕ್ಕೋ ನೇರವಾಗಿ ಬಳಕೆಗೆ ಬರುತ್ತದೆ, ಒಂದೂ ನವಿಲು ಬರೆಯದೆ.

ಖಣದ ಬಗ್ಗೆ ಒಂದೇ ಮಾತು. ಬುಟ್ಟಿಯ (ಖಣದ ಮೇಲೆ ನೇಯ್ದ ಸಣ್ಣ ಆಕೃತಿಯ) ಎಳೆ ಒಳಮೈಯಲ್ಲಿ ಹಾಸಿನ ಜೊತೆ ಉದ್ದಕ್ಕೆ ಹರಿದಿದೆಯೋ ಹೊಕ್ಕಿನ ಜೊತೆ ಅಡ್ಡಕ್ಕೆ ಹರಿದಿದೆಯೋ ನೋಡಿ. ಉದ್ದಕ್ಕಿದ್ದರೆ ಬುಟ್ಟಿಗಳು ಕಂಬಸಾಲಿನಲ್ಲಿ ಯಾಕೆ ನಿಂತಿವೆ ಎಂಬುದು ಅಲ್ಲೇ ಅರ್ಥವಾಗುತ್ತದೆ. ಉಡಿಯ ಖಣವನ್ನು ತ್ರಿಕೋನವಾಗಿ ಮಡಚುವುದರಿಂದ ಓರೆ ಮಡಿಕೆಯಲ್ಲಿ ಬಣ್ಣ ಹಾರಿರುತ್ತದೆ. ಮೂಲ ಬಣ್ಣ ಬೇಕಿದ್ದರೆ ಮಡಿಕೆಯ ಒಳಗಡೆ ನೋಡಬೇಕು.

ಬಣ್ಣವನ್ನು ಫೋನಿನಿಂದ ಎತ್ತಿಕೊಳ್ಳುವುದು ವ್ಯರ್ಥ, ಕ್ಯಾಮೆರಾ ತನಗೆ ತೋಚಿದಂತೆ ಸರಿಪಡಿಸುತ್ತದೆ. ರವಿವಾರ ಪೇಠೆ, ತುಳಶಿಬಾಗಿನ ದಾರದಂಗಡಿಗಳಲ್ಲಿ ಸಿಗುವ ಕಸೂತಿ ದಾರದ ಲಡಿಗಳನ್ನು ಸೀರೆಯ ಪಕ್ಕದಲ್ಲಿಟ್ಟು, ಹಗಲಿನಲ್ಲಿ ಒಮ್ಮೆ, ರಾತ್ರಿ ದೀಪದಲ್ಲಿ ಒಮ್ಮೆ ಹೋಲಿಸಿ ಶೇಡ್ ನಂಬರ್ ಬರೆದಿಡಿ. ಅಂಗಡಿಯ ಎಲ್‌ಇಡಿ ಬೆಳಕಲ್ಲಿ ಸರಿಯಾಗಿ ಕೂತ ಕೆಂಪು ಮನೆಗೆ ಬಂದ ಮೇಲೆ ಬೇರೆಯಾಗುವುದು ಸಾಮಾನ್ಯ. ಬೆಳಕಿನ ಬಗೆ ಬದಲಾದರೆ ಎರಡು ಬಣ್ಣದ ಹೊಂದಾಣಿಕೆಯೂ ಬದಲಾಗುತ್ತದೆ.

ನೂಲು ಯಾವುದು ಎಂಬ ಅನುಮಾನ ಬಂದರೆ ತಾನಾಗಿ ಉದುರಿದ ಎಳೆಯನ್ನು ಮಾತ್ರ ಚಿಮಟದಲ್ಲಿ ಹಿಡಿದು ಸುಟ್ಟು ನೋಡಿ, ಎಳೆದು ಕಿತ್ತದ್ದನ್ನಲ್ಲ. ಹತ್ತಿ ಕಾಗದದ ವಾಸನೆ ಬಿಟ್ಟು ಮೆತ್ತನೆ ಬೂದಿಯಾಗುತ್ತದೆ. ರೇಷ್ಮೆಗೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ ಕರಿ ಉಂಡೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ರೇಷ್ಮೆಯಂತೆ ಮಿನುಗುತ್ತಾ ಹತ್ತಿಯಂತೆ ಸುಟ್ಟರೆ ಅದು ರೇಯಾನ್. ಇದು ಗೊತ್ತಿರಬೇಕು, ಯಾಕೆಂದರೆ ರೇಯಾನ್ ಒದ್ದೆಯಾದಾಗ ಬಲ ಕಳೆದುಕೊಳ್ಳುತ್ತದೆ. ಹತ್ತಿ ಎಂದುಕೊಂಡು ನೆನೆಹಾಕಿ ಹಿಂಡಿದ ಸೆರಗು ಕೈಯಲ್ಲೇ ಹರಿಯುತ್ತದೆ.

ಸವೆದ ಜಾಗ, ತೇಪೆ, ಕಲೆಗಳನ್ನು ಚಿತ್ರದಿಂದ ಬಿಟ್ಟುಬಿಡುವ ಚಾಳಿ ಒಂದಿದೆ. ನನ್ನ ಮಟ್ಟಿಗೆ ಅರ್ಧ ಬಟ್ಟೆ ಅಲ್ಲೇ ಇದೆ. ಒಂಬತ್ತು ವಾರಿ ಸೀರೆಯಲ್ಲಿ ಕಚ್ಚೆ ಸಿಕ್ಕಿಸಿದ ಭಾಗ, ಸೊಂಟದ ಗಂಟು, ಹಿಮ್ಮಡಿಗೆ ತಾಗುವ ದಡಿ ಬೇರೆ ಬೇರೆಯಾಗಿ ಸವೆಯುತ್ತವೆ. ಇಡೀ ಸೀರೆಯ ಸಣ್ಣ ನಕ್ಷೆ ಬರೆದು ಸವಕಳಿಯನ್ನು ಮಾತ್ರ ಪೆನ್ಸಿಲ್‌ನಲ್ಲಿ ತುಂಬಿದರೆ ಉಟ್ಟವರ ಮೈಯ ಆಕಾರವೇ ಮೂಡುತ್ತದೆ. ಮನೆಯಲ್ಲಿ ಹಿರಿಯರಿದ್ದರೆ 'ಆಯಿ, ಇದನ್ನ ಎಲ್ಲಿ ತೊಗೊಂಡ್ರಿ, ಎಷ್ಟಕ್ಕ ತೊಗೊಂಡ್ರಿ' ಎಂದು ಕೇಳುವುದಕ್ಕಿಂತ 'ಆಯಿ, ಇದನ್ನ ಹೆಂಗ ಒಗೀತಿದ್ರಿ? ಎಲ್ಲಿ ಒಣಗ ಹಾಕ್ತಿದ್ರಿ?' ಎಂದು ಕೇಳಿ. ಮೊದಲ ಪ್ರಶ್ನೆಗೆ ಊರು, ದುಡ್ಡು ಸಿಗುತ್ತವೆ. ಎರಡನೆಯದಕ್ಕೆ ಒಂದು ಕಡೆಯ ಬಣ್ಣ ಯಾಕೆ ಹಾರಿದೆ ಎಂಬುದು ಸಿಗುತ್ತದೆ.

ಮನೆಯಲ್ಲಿ ಏನೂ ಇಲ್ಲದವರಿಗೆ ಪುಣೆಯಲ್ಲಿ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯವಿದೆ. ದಿನಕರ ಕೇಳ್ಕರ್ ತಾವು ಕೂಡಿಸಿದ್ದನ್ನು ಸರ್ಕಾರಕ್ಕೆ ಒಪ್ಪಿಸಿದರು. ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದಲ್ಲೂ ಬಟ್ಟೆಗಳ ವಿಭಾಗವಿದೆ. ಗಾಜಿನಾಚೆಯ ಬಟ್ಟೆಯ ಒಳಮೈ ಕಾಣದು, ಎಣಿಸಲಾಗದು. ಅಲ್ಲಿ ಹೊಲಿಗೆಯ ಜಾಗ, ಕತ್ತರಿಸಿದ ರೀತಿ, ಭಾರಕ್ಕೆ ಬಟ್ಟೆ ಜೋತ ಬಗೆ ಇವನ್ನು ಬರೆದುಕೊಳ್ಳಬೇಕು. ಮುಟ್ಟಿ ಓದುವ ಅಭ್ಯಾಸ ಮನೆಯ ಸೀರೆಯಲ್ಲಿ ಆದ ಮೇಲೆ ಹೋದರೆ ಗಾಜಿನ ಹೊರಗಿನಿಂದಲೇ ಬಹಳ ತಿಳಿಯುತ್ತದೆ.

ಇಷ್ಟು ಟಿಪ್ಪಣಿ ಕೈಯಲ್ಲಿದ್ದ ಮೇಲೆ ಒಂದೇ ಒಂದು ನಿಯಮ ಆರಿಸಿಕೊಳ್ಳಿ. 'ಗೆರೆ ಎಲ್ಲೂ ತುಂಡಾಗಬಾರದು, ಹೊರಟಲ್ಲಿಗೇ ಬರಬೇಕು' ಎಂಬುದನ್ನೇ ಇಟ್ಟುಕೊಂಡು ಐದು ಇಂಚಿನ ಹನ್ನೆರಡು ಚೌಕಗಳನ್ನು ಮಾಡಿ. ವಿಷಯ ಸೀರೆಯದ್ದಾಗಬೇಕಿಲ್ಲ, ಕಿಟಕಿಯಾಚೆಯ ನೀರಿನ ಟ್ಯಾಂಕು, ಸಿಟಿ ಬಸ್ಸು, ಮೆಟ್ರೊ ಕಂಬ ಏನಾದರೂ ಸರಿ. ಒಂದು ಚೌಕದಿಂದ ಮುಂದಿನದಕ್ಕೆ ಒಂದೇ ಸಂಗತಿ ಬದಲಿಸಿ, ಗ್ರಾಫ್ ಮನೆಯ ಅಳತೆ ಇಲ್ಲವೇ ಬಣ್ಣ ಇಲ್ಲವೇ ದಾರದ ದಪ್ಪ. ಮೊದಲ ಮೂರ್ನಾಲ್ಕು ಸೀರೆಯ ನಕಲಿನಂತೆಯೇ ಬರುತ್ತವೆ. ಆರು ದಾಟಿದ ಮೇಲೆ ವಿಷಯ ಗೆರೆಯನ್ನು ಜಗ್ಗತೊಡಗುತ್ತದೆ, ಬಸ್ಸಿನ ಚಕ್ರ ಮೆಟ್ಟಿಲಾಗಲು ಒಪ್ಪುವುದಿಲ್ಲ, ಅಲ್ಲಿಂದ ಕೆಲಸ ನಿಮ್ಮದು. ಎರಡು ಮೂರು ನಿಯಮ ಒಟ್ಟಿಗೆ ತುರುಕಿದರೆ ಯಾವುದರಿಂದ ಏನಾಯಿತು ಎಂಬುದೇ ತಿಳಿಯದೆ ಮತ್ತೆ ಆನೆ ಅಂಟಿಸುವಲ್ಲಿಗೆ ಬಂದು ನಿಲ್ಲುತ್ತೀರಿ.

ಸೀರೆಯನ್ನು ವಾಪಸು ಇಡುವಾಗ ಹಳೆ ಮಡಿಕೆ ಬಿಟ್ಟು ಹೊಸ ಕಡೆ ಮಡಚಿ, ಮಲ್‌ಮಲ್ ಬಟ್ಟೆಯಲ್ಲಿ ಸುತ್ತಿ. ಗಂಜಿ ಇರಬಾರದು, ಬೆಳ್ಳಿಹುಳಕ್ಕೆ ಅದೇ ಊಟ. ನುಸಿಗುಳಿಗೆ ಜರಿಗೆ ತಾಗದಿರಲಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಮಳೆಗಾಲದ ತೇವ ಒಳಗೇ ಉಳಿದು ಬೂಸ್ಟು ಹಿಡಿಯುತ್ತದೆ.

ಮಾಡಿದ್ದನ್ನು ಮಾರುವುದಾದರೆ ಚೀಟಿಯಲ್ಲಿ ಏನು ಬರೆಯುತ್ತೀರಿ ನೋಡಿಕೊಳ್ಳಿ. ಇಳಕಲ್ ಸೀರೆಗೂ ಕಸೂತಿಗೂ ಭೌಗೋಳಿಕ ಸೂಚಕ ಮಾನ್ಯತೆ ಇದೆ. ಪ್ರಿಂಟ್ ಮಾಡಿದ ಚೀಲವನ್ನು 'ಇಳಕಲ್ ಚೀಲ', ಯಂತ್ರದ ಹೊಲಿಗೆಯನ್ನು 'ಕಸೂತಿ' ಎಂದು ಕರೆಯುವುದು ನೇಕಾರರ, ಹೊಲಿಯುವವರ ಬಾಯಿಗೆ ಮಣ್ಣು ಹಾಕಿದಂತೆ. ಯಾವ ಸೀರೆಯ ಯಾವ ಭಾಗ ನೋಡಿ ಯಾವ ಲೆಕ್ಕ ತೆಗೆದುಕೊಂಡಿರಿ ಎಂದು ಒಂದು ಸಾಲು ಬರೆದರೆ ಸಾಕು: 'ಇಳಕಲ್ ಸೆರಗಿನ ಜೋಡಣೆ ನೋಡಿ ಮಾಡಿದ ಕಾಗದದ ಹೊದಿಕೆ, ಕೈಕೆಲಸ, ಪುಣೆ.'